ಕೈ ಮುಗಿಯದೆ ಕೇಳಲು ಕಲಿಸಿದವರು

ಇವತ್ತು ಬೆಳಿಗ್ಗೆ ನಾನು ಕಾವಲಿಗೆ ನೀರುದೋಸೆ ಹೊಯ್ಯುತ್ತಿದ್ದೆ. ಮಗಳು ಗಾಯತ್ರಿಗೆ ಶಾಲೆಗೆ, ಅವಳ ಅಪ್ಪನಿಗೆ ಕೆಲಸಕ್ಕೆ ಹೊತ್ತಾಗುತ್ತಿತ್ತು. ಅಷ್ಟರಲ್ಲಿ ಫೋನು ಬಂತು. ಹಿಟ್ಟಿನ ಕೈ ಒರೆಸಿಕೊಂಡು ಎತ್ತಿದರೆ ಹೊನ್ನಾವರದಿಂದ ಶ್ರೀಧರ ಭಂಡಾರಿಯವರು. ರಮಾನಂದ ನಾಯಕ ಸರ್ ಕಾಲೇಜಿನಿಂದ ನಿವೃತ್ತರಾಗುತ್ತಿದ್ದಾರೆ, ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಅಭಿನಂದನ ಗ್ರಂಥ ತರುತ್ತಿದ್ದೇವೆ, ಸರಕಾರಿ ಶಾಲೆಗಳ ಅನುದಾನಕ್ಕಾಗಿ ಸರ್ ಮಾಡಿದ ಕೆಲಸದ ಬಗ್ಗೆ ನೀವು ಬರೆಯಬೇಕು ಎಂದರು. ಪಿಯುಸಿ ಓದಿದವಳು ನಾನು, ಸರ್ ಅವರ ಕ್ಲಾಸಿನಲ್ಲಿ ಒಂದು ದಿನವೂ ಕೂತವಳಲ್ಲ, ಪ್ರೊಫೆಸರರು ಬರೆಯುವ ಪುಸ್ತಕದಲ್ಲಿ ನನಗೇನು ಕೆಲಸ ಎಂದು ತಪ್ಪಿಸಿಕೊಳ್ಳಲು ನೋಡಿದೆ.

"ಸಂಗೀತಕ್ಕಾ, ನಿಮ್ಮ ಹೆಸ್ರು ಹೇಳಿದ್ದು ನಾವಲ್ಲ. ಯಾರ್ಯಾರ ಹತ್ರ ಬರೆಸೂದು ಅಂತ ಸರ್ ಹತ್ರ ಕೇಳಿದ್ವಿ. ಅವ್ರು ಮೊದ್ಲು ಹೇಳಿದ ಹೆಸ್ರೇ ನಿಮ್ದು" ಎಂದರು ಶ್ರೀಧರರು.

ಕಾವಲಿಯ ಮೇಲೆ ದೋಸೆ ಕರಟಿ ಹೊಗೆ ಎದ್ದಿತ್ತು. ಹಿತ್ತಿಲ ಬಾಗಿಲಿನಿಂದ ನಮ್ಮ ಅತ್ತೆ ಮಾಸ್ತಮ್ಮ ಕೂಗಿದರು: "ಎಂತದೇ ಅದು ಹೊಗೆ? ಅಡಿಗೆಮನೆ ಸುಡೂಕೆ ಕೂತಿದ್ಯನೇ?" ವಿಷಯ ತಿಳಿಸಿದೆ. ಅತ್ತೆ ಒಳಗೆ ಬಂದು ಕರಟಿದ ದೋಸೆ ನೋಡಿ, "ಆತು, ಬರಿ. ಆ ಸರ್ ನಮ್ಮ ಅಂಗಳದಲ್ಲಿ ಕೂತು ಚಾ ಕುಡ್ದೋರು. ಆದ್ರೆ ದೋಸೆ ಮುಗ್ಸಿ ಬರಿ" ಎಂದು ಅಪ್ಪಣೆ ಕೊಟ್ಟರು. ಹಾಗಾಗಿ ದೋಸೆ ಮುಗಿಸಿ, ಪಾತ್ರೆ ತೊಳೆದು, ಈಗ ಬರೆಯಲು ಕೂತಿದ್ದೇನೆ.

ಹಿರೇಗುತ್ತಿಯ ಶ್ರೀ ರಮಾನಂದ ನಾಯಕರು ಮೂರು ದಶಕಗಳಿಗೂ ಮಿಕ್ಕಿ ಹೊನ್ನಾವರದ ಪದವಿ ಕಾಲೇಜೊಂದರಲ್ಲಿ ಅರ್ಥಶಾಸ್ತ್ರವನ್ನು ಕಲಿಸಿ, ಅದೇ ಕಾಲೇಜಿನ ಪ್ರಾಚಾರ್ಯರಾಗಿ ಈಗ ನಿವೃತ್ತರಾಗುತ್ತಿದ್ದಾರೆ. ಅವರ ಪಾಂಡಿತ್ಯದ ಬಗ್ಗೆ, ಅವರು ತಯಾರು ಮಾಡಿದ ವಿದ್ಯಾರ್ಥಿಗಳ ಬಗ್ಗೆ ಈ ಗ್ರಂಥದಲ್ಲಿ ಬಲ್ಲವರು ಬರೆದಿರುತ್ತಾರೆ. ನನಗೆ ಗೊತ್ತಿರುವುದು ಭಾನುವಾರದ ರಮಾನಂದ ಸರ್. ವಾರವೆಲ್ಲ ಕಾಲೇಜಿನ ಹುಡುಗರಿಗೆ ಬಜೆಟ್ ಎಂದರೇನೆಂದು ಕಲಿಸಿ, ಭಾನುವಾರ ಬಸ್ಸು ಹತ್ತಿ, ಆ ಬಜೆಟ್ಟಿನಲ್ಲಿ ನಮ್ಮ ಮಕ್ಕಳ ಶಾಲೆ ಎಲ್ಲಿದೆಯೆಂದು ಭಟ್ಕಳ, ಹೊನ್ನಾವರ, ಕುಮಟೆಯ ಹಳ್ಳಿಗಳ ತಾಯಂದಿರಿಗೆ ತೋರಿಸಿಕೊಟ್ಟವರು ಅವರು. ಶಾಲೆಯ ಅನುದಾನವೆಂಬುದು ಆಫೀಸಿನವರು ಆಫೀಸಿನವರೊಡನೆ ಮಾತಾಡಿಕೊಳ್ಳುವ ವಿಷಯವೆಂದು ತಿಳಿದಿದ್ದ ನಾವು, ಇವತ್ತು ಮೀನು ಕೊಯ್ಯುತ್ತಲೂ ಅದನ್ನು ಚರ್ಚೆ ಮಾಡುತ್ತೇವೆ ಎಂದರೆ ಅದಕ್ಕೆ ಅವರೇ ಕಾರಣ.

ವಿಷಯ ಗೊತ್ತಿಲ್ಲದವರಿಗಾಗಿ ಎರಡು ಮಾತು. ಕಾಯ್ಕಿಣಿಯ ನಮ್ಮ ಕೇರಿಯ ಕಿರಿಯ ಪ್ರಾಥಮಿಕ ಶಾಲೆ ಬಹಳ ಸಣ್ಣದು. ವರ್ಷದ ಖರ್ಚಿಗೆಂದು ಶಾಲೆಗೆ ಬರುವ ಹಣ ಮಕ್ಕಳ ತಲೆಯ ಲೆಕ್ಕದಲ್ಲಿ ಬರುತ್ತಿತ್ತು. ಕರೆಂಟು ಬಿಲ್ಲು, ನೀರಿನ ಪಂಪು, ಹಂಚು, ಸುಣ್ಣ, ಸೀಮೆಸುಣ್ಣ ಎಲ್ಲ ಅದರಲ್ಲೇ ಆಗಬೇಕು. ಆಗುತ್ತಿರಲಿಲ್ಲ. ಹಂಚಿನ ಮಾಡು ಸೋರುವುದನ್ನು ನೋಡಿ ಅನುಕೂಲವಿದ್ದವರು ಮಕ್ಕಳನ್ನು ಹಳದಿ ವ್ಯಾನು ಹತ್ತಿಸಿ ಬೇರೆ ಶಾಲೆಗೆ ಕಳಿಸಿದರು. ಮಕ್ಕಳು ಕಡಿಮೆಯಾದ ಹಾಗೆ ಹಣವೂ ಕಡಿಮೆಯಾಯಿತು, ಹಣ ಕಡಿಮೆಯಾದ ಹಾಗೆ ಇನ್ನಷ್ಟು ಹಂಚು ಒಡೆದವು. ಹೀಗೇ ಹೋದರೆ ಶಾಲೆಯನ್ನು ಹೆದ್ದಾರಿಯ ಆಚೆಯ ದೊಡ್ಡ ಶಾಲೆಯೊಳಗೆ ಸೇರಿಸಿಬಿಡುತ್ತಾರೆ. ನಮ್ಮ ಹೆದ್ದಾರಿ ಈಗ ನಾಲ್ಕು ಪಥದ್ದು. ದೊಡ್ಡವರಾದ ನಾವೇ ಅದನ್ನು ದಾಟುವಾಗ ಒಬ್ಬರ ಕೈ ಒಬ್ಬರು ಹಿಡಿದುಕೊಳ್ಳುತ್ತೇವೆ. ಆರು ವರ್ಷದ ಕೂಸು ಪಾಟೀಚೀಲ ಹೊತ್ತು ಅದನ್ನು ದಾಟುವುದನ್ನು ನೆನೆದು ನಮ್ಮ ಕೇರಿಯ ತಾಯಂದಿರು ನಿದ್ದೆಗೆಟ್ಟದ್ದುಂಟು.

ಸರ್ ಈ ಕೆಲಸಕ್ಕೆ ಬಂದ ಬಗೆಯನ್ನು ಅವರ ಬಾಯಿಂದ ಒಮ್ಮೆ ಮಾತ್ರ ಕೇಳಿದ್ದೇನೆ. ತಮ್ಮ ವಿದ್ಯಾರ್ಥಿಗಳಿಗೆ, "ನೀವು ಅಕ್ಷರ ಕಲಿತ ಶಾಲೆಗೆ ಹೋಗಿ ಅಲ್ಲಿ ಈಗ ಏನಿದೆ, ಏನಿಲ್ಲ ನೋಡಿಕೊಂಡು ಬನ್ನಿ" ಎಂದು ಕೆಲಸ ಹಚ್ಚಿದರಂತೆ. ಹುಡುಗರಿಗೆ ಹೇಳಿ ತಾನು ಸುಮ್ಮನಿರುವುದು ಸರಿಯಲ್ಲವೆಂದು ತಾವೂ ಹಿರೇಗುತ್ತಿಯ ತಮ್ಮ ಮೊದಲ ಶಾಲೆಗೆ ಹೋದರೆ, ಬಾಗಿಲಿಗೆ ಬೀಗ. ಕಿಟಕಿಯಿಂದ ಇಣುಕಿದರೆ ಒಳಗೆ ಯಾರದೋ ಮೀನುಬಲೆಯ ರಾಶಿ. ಮಕ್ಕಳು ಸಾಲದೆಂದು ಆ ಶಾಲೆ ಮುಚ್ಚಿ ವರ್ಷವಾಗಿತ್ತು. ಊರಿನವರೇ ಆದರೂ ತಮಗೆ ಅದು ಗೊತ್ತಾಗಿರಲಿಲ್ಲವಲ್ಲ ಎಂಬುದೇ ಅವರನ್ನು ಹೆಚ್ಚು ನೋಯಿಸಿತು. ಮೂರೂ ತಾಲೂಕಿನ ಪಾಲಕರನ್ನು ಸೇರಿಸಿ ಅನುದಾನದ ಪದ್ಧತಿಯೇ ಬದಲಾಗಬೇಕೆಂದು ಕೇಳುವ ನಾಗರಿಕರ ವೇದಿಕೆಯನ್ನು ಕಟ್ಟಿದ್ದು ಅದಾದ ಮೇಲೆ. ಅವರು ಕೇಳುವುದು ಬಹಳ ಸರಳ: ಶಾಲೆ ಸಣ್ಣದಿರಲಿ ದೊಡ್ಡದಿರಲಿ, ಕಟ್ಟಡ, ನೀರು, ಕರೆಂಟು ಇವಕ್ಕೆ ಬೇಕಾದ ಮೂಲ ಮೊತ್ತವನ್ನು ಮೊದಲು ಕೊಡಿ, ತಲೆ ಎಣಿಸುವುದು ಆಮೇಲೆ.

ನಮ್ಮ ಶಾಲೆಗೆ ಅವರು ಮೊದಲು ಬಂದಾಗ ಗಾಯತ್ರಿ ನನ್ನ ಸೊಂಟದ ಮೇಲಿದ್ದಳು. ದೊಡ್ಡವ ಅರುಣ ಆಗಷ್ಟೇ ಒಂದನೇ ತರಗತಿಗೆ ಸೇರಿದ್ದ. ನಾನು ಶಾಲೆಯ ಪಾಲಕರ ಸಮಿತಿಗೆ ಹೊಸದಾಗಿ ಅಧ್ಯಕ್ಷೆಯಾಗಿದ್ದೆ, ಅದೂ ಬೇರೆ ಯಾರೂ ಒಪ್ಪದ್ದರಿಂದ. ಹಂಚಿಗಾಗಿ ನಾವು ಬರೆದಿಟ್ಟಿದ್ದ ಮನವಿಯನ್ನು ಅವರಿಗೆ ಹೆಮ್ಮೆಯಿಂದ ತೋರಿಸಿದೆ. 'ಬಡ ಮಕ್ಕಳ ಮೇಲೆ ಕೃಪೆಯಿಟ್ಟು' ಎಂದು ಅದು ಶುರುವಾಗುತ್ತಿತ್ತು. ಸರ್ ಓದಿ, ಕನ್ನಡಕ ತೆಗೆದು, "ಸಂಗೀತಾ ಅವರೇ, ನಿಮ್ಮ ಮಗ ಬಡವನಾ?" ಎಂದು ಕೇಳಿದರು.

ಹೆದರಿಕೆಯಲ್ಲಿ ನನ್ನ ಬಾಯಿಗೆ ಬಂದದ್ದು, "ಅಲ್ಲ ಸರ್, ಒಂದನೇ ಇಯತ್ತೆ."

ಅವರು ಮನಸಾರೆ ನಕ್ಕರು. "ಅದನ್ನೇ ಬರೀರಿ. ನನ್ನ ಮಗ ಒಂದನೇ ಇಯತ್ತೆ, ಅವನು ಕೂರೂ ಜಾಗದಲ್ಲಿ ಮಾಡು ಸೋರ್ತದೆ. ಅಷ್ಟೇ ಸಾಕು. ಕೃಪೆ, ದಯೆ ಎಲ್ಲ ದೇವಸ್ಥಾನದಲ್ಲಿ ಕೇಳುವ. ಶಾಲೆ ನಮ್ದು, ಸರಕಾರನೂ ನಮ್ದು. ನಮ್ಮದನ್ನ ಕೇಳೂಕೆ ಕೈ ಮುಗಿಯೂದು ಎಂತಕ್ಕೆ?" ಎಂದರು. ಆ ಮನವಿಯನ್ನು ತಿದ್ದಿ ಕೊಡಿ ಎಂದರೆ ಒಪ್ಪಲಿಲ್ಲ. ನಾನೇ ಮತ್ತೆ ಬರೆದೆ. ಆಮೇಲೆ ಬರೆದ ಎಲ್ಲವನ್ನೂ ನಾವೇ ಬರೆದೆವು, ನಾವೇ ಜೋರಾಗಿ ಓದಿದೆವು. ಓದುವಾಗ ಯಾರಿಗಾದರೂ ಅರ್ಥವಾಗದಿದ್ದರೆ ಕೇಳಿದವರ ತಪ್ಪೆಂದು ಅವರು ಯಾವತ್ತೂ ಹೇಳಲಿಲ್ಲ, ಬರೆದದ್ದನ್ನು ಬದಲಿಸಲು ಹೇಳಿದರು.

ಸರ್ ನಡೆಸುವ ಸಭೆಗೆ ಇನ್ನೊಂದು ಪದ್ಧತಿಯಿತ್ತು. ಕೊನೆಯ ಪಾಲು ಮಕ್ಕಳದು. "ಇನ್ನು ಮಕ್ಕಳಿಗೆ ಕೇಳೂದಿದ್ರೆ ಕೇಳ್ಬಹುದು" ಎಂದು ಹೇಳಿ ಸುಮ್ಮನೆ ಕೂತುಬಿಡುತ್ತಿದ್ದರು. ಬಹಳ ಸಲ ಒಂದು ಮಗುವೂ ಬಾಯಿ ಬಿಡುತ್ತಿರಲಿಲ್ಲ. ದೊಡ್ಡವರು ಆಕಳಿಸುತ್ತಿದ್ದರು, ಬಸ್ಸಿನ ಹೊತ್ತಾಯಿತೆಂದು ಎದ್ದು ನಿಲ್ಲುತ್ತಿದ್ದರು. ಸರ್ ಕದಲುತ್ತಿರಲಿಲ್ಲ. ನನ್ನ ಗಾಯತ್ರಿ ಮೂರು ವರ್ಷದವಳಿದ್ದಾಗಿನಿಂದ ಆ ಸಭೆಗಳಲ್ಲೇ ಬೆಳೆದವಳು. ಎರಡನೇ ಇಯತ್ತೆಗೆ ಬಂದ ಮೇಲೆ ಅವಳು ಕೈಯನ್ನು ಅರ್ಧ ಎತ್ತುವುದು, ಎಲ್ಲರೂ ತಿರುಗಿ ನೋಡಿದೊಡನೆ ತಲೆ ಕೆರೆದುಕೊಂಡಂತೆ ಮಾಡಿ ಇಳಿಸುವುದು ಶುರುವಾಯಿತು. ಮನೆಗೆ ಬಂದು, "ಎಂತ ಕೇಳ್ಬೇಕಂತ ಇದ್ದಿ ಮಗಾ?" ಎಂದರೆ ಹೇಳಳು. ಒಮ್ಮೆ ನಾನು ಬೇಸರದಿಂದ, "ಇವಳು ಹೀಗೇ ಸರ್, ಬಿಡಿ" ಎಂದೆ. ಅವರು ಅವಳಿಗೆ ಕೇಳದ ಹಾಗೆ ಮೆಲ್ಲಗೆ ಹೇಳಿದರು: "ಅವಳು ತನ್ನ ಪ್ರಶ್ನೆನ ಇನ್ನೂ ಅಳೆದು ನೋಡ್ತಾ ಇದ್ದಾಳೆ. ಅವಸರ ಮಾಡ್ಬೇಡಿ." ಬೇರೆಯವರ ಮಗುವಿನ ಮೌನಕ್ಕೂ ಕಾಯುವ ತಾಳ್ಮೆ ಎಷ್ಟು ಜನರಲ್ಲಿರುತ್ತದೆ? ತಾಯಿಯಾದ ನನ್ನಲ್ಲೇ ಅಷ್ಟು ಇರಲಿಲ್ಲ.

ಒಮ್ಮೆ ಅವಳಿಗೆ ವಿಪರೀತ ಜ್ವರ. ಅವತ್ತಿನ ಸಭೆಗೆ ಬರಲಾಗದೆಂದು ಹೇಳಿ ಕಳಿಸಿದೆ. ಸ್ವಲ್ಪ ಹೊತ್ತಿನಲ್ಲಿ ಸಭೆಯೇ ನಮ್ಮ ಅಂಗಳಕ್ಕೆ ಬಂತು! ಸರ್ ಅವರ ಹೆಂಡತಿ ಮಂಗಲಕ್ಕ ಒಳಗೆ ಮಗುವಿನ ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಕೂತರು, ನಾನು ಹೊಸಿಲ ಮೇಲೆ ಅರ್ಧ ಒಳಗೆ ಅರ್ಧ ಹೊರಗೆ ಕೂತು ಮಾತಾಡಿದೆ, ಅತ್ತೆ ಎಲ್ಲರಿಗೂ ಚಾ ಮಾಡಿದರು. ಶಾಲೆಯ ಏಕೈಕ ಶಿಕ್ಷಕಿ ಕವಿತಾ ಅಕ್ಕೋರ ವಿಷಯದಲ್ಲೂ ಅವರದು ಅಂಥದೇ ಕಾಳಜಿ. ಅಕ್ಕೋರು ಸರಕಾರಿ ನೌಕರಿಯವರು, ಅವರಿಗೆ ಒಂದು ನೋಟೀಸು ಬರುವಂಥ ಕೆಲಸವನ್ನೂ ನಾವು ಮಾಡಬಾರದು, ಅವರಿಂದ ಒಂದು ಸಹಿಯನ್ನೂ ಕೇಳಬಾರದು ಎಂದು ಮೊದಲ ದಿನವೇ ಕಟ್ಟುನಿಟ್ಟು ಮಾಡಿದ್ದರು.

ಸಭೆಗಳಲ್ಲಿ ನಗೆಗೆ ಬರವಿರಲಿಲ್ಲ. ಯಾಣದ ಕಡೆಯ ಒಂದು ಕಾಡೊಳಗಿನ ಶಾಲೆಯಿಂದ ತಿಮ್ಮಿ ಗೌಡ ಎಂಬ ತಾಯಿ ಬರುತ್ತಿದ್ದರು. ಹಾಡು ಹೇಳಲು ಕೂತರೆ ಊಟದ ನೆನಪು ಹೋಗಬೇಕು, ಮಾತಿಗೆ ನಿಂತರೆ ಎದುರಿನವರು ಸುಮ್ಮನಾಗಬೇಕು, ಅಂಥವರು. "ನಮ್ಮ ಶಾಲೆಗೆ ಮಕ್ಕಳಿಗಿಂತ ಮಂಗನೇ ಹೆಚ್ಚು ಬರ್ತದೆ ಸರ್. ಅದರ ಹಾಜರಿನೂ ಹಾಕಿರೆ ಕುಮಟೆ ಪೇಟೆ ಶಾಲೆಗಿಂತ ಜಾಸ್ತಿ ದುಡ್ಡು ನಮಗೇ ಸಿಗ್ತಿತ್ತು" ಎಂದು ಅವರು ಹೇಳಿದಾಗ ಸರ್ ಕಣ್ಣು ಒರೆಸಿಕೊಳ್ಳುವಷ್ಟು ನಕ್ಕಿದ್ದರು.

ಇನ್ನು ಹೇಳಲೇಬೇಕಾದದ್ದು ನಮ್ಮ ಕೇರಿಯವರ ಘನಕಾರ್ಯ. ಕಳೆದ ಮಳೆಗಾಲದ ಕೊನೆಗೆ, ವೇದಿಕೆಯ ಒತ್ತಾಯಕ್ಕೆ ಸಣ್ಣ ಶಾಲೆಗಳ ಸ್ಥಿತಿ ನೋಡಲು ಸರಕಾರದ ಒಂದು ಸಮಿತಿ ಬರುವುದೆಂದಾಯಿತು. ವರ್ಷಗಟ್ಟಲೆ ಕೇಳಿಕೊಂಡು ಬಂದದ್ದಕ್ಕೆ ಮೊದಲ ಸಲ ಒಬ್ಬರು ಕಣ್ಣಿಂದ ನೋಡಲು ಬರುತ್ತಿದ್ದರು, ನೋಡುವ ಶಾಲೆಗಳಲ್ಲಿ ನಮ್ಮದೂ ಒಂದು. ಸುದ್ದಿ ಕೇಳಿ ನಾವೇನು ಮಾಡಿದೆವು? ನಮ್ಮ ಕಡೆ ಮನೆಗೆ ನೆಂಟರು ಬರುತ್ತಾರೆಂದರೆ ಏನು ಮಾಡುತ್ತೇವೋ ಅದನ್ನೇ ಮಾಡಿದೆವು. ಹೆಂಗಸರೆಲ್ಲ ಸೇರಿ ಗೋಡೆಯ ಪಾಚಿ ಕೆರೆದು ಸುಣ್ಣ ಬಳಿದೆವು. ನೆರೆಮನೆಯ ಜಟ್ಟ ತನ್ನ ಕೊಟ್ಟಿಗೆಯ ಹಂಚು ಇಳಿಸಿ ತಂದು ಶಾಲೆಯ ಮಾಡಿಗೆ ಹೊದೆಸಿದ. ಅಂಗಡಿಯ ಮಹಾದೇವಣ್ಣ ಮಾರಾಟಕ್ಕಿಟ್ಟ ಫ್ಯಾನನ್ನು ತಂದು ತೂಗುಹಾಕಿದರು. ಭಜನಾ ಮಂಡಳಿಯ ಕುರ್ಚಿಗಳು ಬಂದವು. ಶಿರಾ, ಉಪ್ಪಿಟ್ಟು, ಎಳನೀರು ತಯಾರಾದವು. ಸಮಿತಿಯವರ ಜೊತೆ ಜೀಪಿನಿಂದಿಳಿದ ಸರ್ ಶಾಲೆಯನ್ನೊಮ್ಮೆ, ನಮ್ಮನ್ನೊಮ್ಮೆ ನೋಡಿ ತುಟಿ ಬಿಗಿದುಕೊಂಡರು. ನಾವು ಅದನ್ನು ಸಂತೋಷವೆಂದೇ ತಿಳಿದೆವು. ಸಮಿತಿಯ ಅಧ್ಯಕ್ಷರು ಫ್ಯಾನಿನ ಕೆಳಗೆ ಕೂತು ಎಳನೀರು ಕುಡಿದು, "ಶಾಲೆ ಇಷ್ಟು ಚೆನ್ನಾಗಿದೆಯಲ್ಲ ಸರ್! ನೀವು ಹೇಳಿದ್ದು ಕೇಳಿ ಏನೋ ಅಂದುಕೊಂಡಿದ್ದೆವು" ಎಂದು ಹೊಗಳಿ ಹೊರಟುಹೋದರು.

ಜೀಪು ಮರೆಯಾದ ಮೇಲೆ ನಾವೆಲ್ಲ ಸರ್ ಸುತ್ತ ನೆರೆದೆವು. "ಹೆಂಗಾತು ಸರ್?" ಎಂದು ಜಟ್ಟ ಕೇಳಿದ.

ಸರ್ ಒಂದು ಕುರ್ಚಿ ಎಳೆದುಕೊಂಡು ಕೂತರು. "ಭಾಳ ಚೆಂದ ಆತು ಜಟ್ಟ. ಇಷ್ಟು ಚೆಂದದ ಶಾಲೆಗೆ ಸರಕಾರ ಇನ್ನು ಎಂತಕ್ಕೆ ದುಡ್ಡು ಕೊಡ್ತದೆ?"

ಆಗ ನಮಗೆ ಹೊಳೆಯಿತು. ಎಲ್ಲರೂ ತಲೆ ಎತ್ತಿ ಮಾಡಿನ ಕಡೆ ನೋಡಿದೆವು. ಕೊನೆಗೆ ಜಟ್ಟನೇ, "ಹಾಗಾರೆ ಹಂಚು ವಾಪಸ್ ತೆಗೂದಾ?" ಎಂದ. "ಮೊದ್ಲು ತೆಗಿ ಮಾರಾಯ. ಅಲ್ಲಿ ನಿನ್ನ ಆಕಳು ನೆನೀತಾ ಅದೆ" ಎಂದರು ಸರ್. ಇಷ್ಟು ವರ್ಷದ ಕೆಲಸ ಒಂದು ಮಧ್ಯಾಹ್ನದಲ್ಲಿ ಮಣ್ಣುಪಾಲಾದ ಹೊತ್ತಿನಲ್ಲಿ ಅವರಿಗೆ ನೆನಪಾದದ್ದು ಜಟ್ಟನ ಆಕಳು.

ಮುಂದಿನ ಭಾನುವಾರ ಹೊನ್ನಾವರದಲ್ಲಿ ವೇದಿಕೆಯ ಸಭೆ ಸೇರಿದಾಗ ವಕೀಲರಾದ ತ್ರ್ಯಂಬಕ ಹೆಗಡೆಯವರು ನಮ್ಮನ್ನು ಚೆನ್ನಾಗಿಯೇ ತರಾಟೆಗೆ ತೆಗೆದುಕೊಂಡರು. "ಎಲ್ಲ ಶಾಲೆಗಳ ಪರವಾಗಿ ನಿಮ್ಮ ಶಾಲೆ ತೋರ್ಸಿದ್ದು. ನೀವು ಮದುವೆಮನೆ ಮಾಡಿ ಇಟ್ರಿ" ಎಂದರು. ಅವರ ಮಾತು ಸುಳ್ಳಾಗಿರಲಿಲ್ಲ, ನಾವು ತಲೆ ತಗ್ಗಿಸಿ ಕೂತಿದ್ದೆವು. ಸರ್ ಎದ್ದರು. "ತಪ್ಪು ನನ್ನದು. ಬಂದವರೆದುರು ಹರಕು ಚಾಪೆ ಹಾಸಿ ಅಂತ ನಾನು ಅವ್ರಿಗೆ ಹೇಳಿರ್ಲಿಲ್ಲ. ಹೇಳಿದ್ರೂ ಅವ್ರು ಹಾಸ್ತಿರ್ಲಿಲ್ಲ, ಹಾಸೂದೂ ಬ್ಯಾಡ. ಈಗ ಯೋಚ್ನೆ ಮಾಡಬೇಕಾದ್ದು ಬೇರೆ. ಆ ಒಂದು ದಿನಕ್ಕೆ ಇವರು ಎಂತೆಂತ ಎರವಲು ತಂದ್ರು? ಒಂದು ಶಾಲೆಗೆ ವರ್ಷವೆಲ್ಲ ಬೇಕಾದ್ದು ಅದೇ ಅಲ್ದಾ? ಕುಮಟೆಯಲ್ಲಿ ಸಮಿತಿ ಅಹವಾಲು ಕೇಳೂಕೆ ಕೂರ್ತದೆ. ಕೊಟ್ಟವರೇ ಅಲ್ಲಿಗೆ ಬಂದು ಹೇಳಲಿ" ಎಂದರು. ತಪ್ಪು ಮಾಡಿದವರನ್ನು ಆ ತಪ್ಪಿನ ಮೇಲೆಯೇ ನಿಲ್ಲಿಸಿ ಎತ್ತರ ಮಾಡುವುದು ಅವರಿಗೆ ಮಾತ್ರ ಗೊತ್ತು.

ಇಷ್ಟು ಬರೆಯುವಷ್ಟರಲ್ಲಿ ಕುಕ್ಕರ್ ಕೂಗಿತು, ಒಣಗಿಸಿದ ಬಟ್ಟೆಯನ್ನು ಒಳಗೆ ತಂದದ್ದಾಯಿತು, ಗಾಯತ್ರಿಯೂ ಶಾಲೆಯಿಂದ ಬಂದು ನನ್ನ ಬೆನ್ನಿಗೆ ಆತುಕೊಂಡು ನಾನು ಬರೆಯುವುದನ್ನು ಓದುತ್ತಿದ್ದಾಳೆ. ಕುಮಟೆಯ ಆ ದಿನದ ಕತೆಯನ್ನು ಬರೆದ ಮೇಲೆ ನನಗೆ ಬೇರೇನೂ ಹೇಳಲು ತೋಚಲಿಕ್ಕಿಲ್ಲ. ಆದ್ದರಿಂದ ಹಾರೈಕೆಯನ್ನು ಇಲ್ಲೇ ಬರೆದುಬಿಡುತ್ತೇನೆ.

ಕುಮಟೆಯ ಆ ಅಹವಾಲಿನ ನಂತರ ನಮ್ಮ ಮೂರು ತಾಲೂಕಿನ ಸಣ್ಣ ಶಾಲೆಗಳಿಗೆ ಮಕ್ಕಳ ಸಂಖ್ಯೆ ನೋಡದೆ ಮೂಲ ಮೊತ್ತ ಕೊಟ್ಟು ನೋಡುವುದೆಂದು ತೀರ್ಮಾನವಾಗಿ, ಮೊದಲ ವರ್ಷದ್ದು ಬಂದಿದೆ. ನಮ್ಮ ಶಾಲೆಯ ಮಾಡಿಗೆ ಶಾಲೆಯದೇ ಹಂಚು ಹೊದೆಸಿಯಾಗಿದೆ. ಇಬ್ಬರು ಮಕ್ಕಳು ಹಳದಿ ವ್ಯಾನು ಬಿಟ್ಟು ವಾಪಸು ಬಂದಿದ್ದಾರೆ. ಇದು ಪ್ರಯೋಗವಷ್ಟೇ, ರಾಜ್ಯದ ಎಲ್ಲ ಶಾಲೆಗಳಿಗೂ ಆಗುವವರೆಗೆ ಕೆಲಸ ಮುಗಿಯದೆಂದು ಸರ್ ಹೇಳುತ್ತಾರೆ. ಕಾಲೇಜು ಅವರನ್ನು ಬಿಟ್ಟುಕೊಡುತ್ತಿದೆ, ನಾವು ಬಿಡುವವರಲ್ಲ. ಇನ್ನು ಮುಂದೆ ಅವರಿಗೆ ವಾರದ ಏಳೂ ದಿನ ಭಾನುವಾರವೇ ಎಂದು ನಾವು ಲೆಕ್ಕ ಹಾಕಿ ಕೂತಿದ್ದೇವೆ, ಇದಕ್ಕೆ ಮಂಗಲಕ್ಕ ನಮ್ಮನ್ನು ಮನ್ನಿಸಬೇಕು. ಸರ್ ಅವರ ಕಾಲಿಗೆ ಬಲವಿರಲಿ, ಕಣ್ಣಿಗೆ ಬೆಳಕಿರಲಿ, ನಗು ಹೀಗೇ ಇರಲಿ. ಅವರಿಂದ ಅಕ್ಷರ ಕಲಿತವರೂ, ಕೇಳಲು ಕಲಿತ ನಮ್ಮಂಥವರೂ ಒಟ್ಟಿಗೆ ಕೂತು ಅವರ ನೂರನೆಯ ಹುಟ್ಟುಹಬ್ಬದ ಊಟ ಮಾಡುವಂತಾಗಲಿ. ಅಡಿಗೆ ನಮ್ಮ ಕೇರಿಯವರದು, ಇದು ನಮ್ಮ ಅತ್ತೆಯ ಮಾತು.

ಕುಮಟೆಯ ಸಭಾಭವನದಲ್ಲಿ ಅವತ್ತು ಮೂರೂ ತಾಲೂಕಿನ ಪಾಲಕರು ಮಕ್ಕಳ ಸಮೇತ ತುಂಬಿದ್ದರು. ಸರ್ ಎಲ್ಲರಿಗಿಂತ ಹಿಂದಿನ ಸಾಲಿನಲ್ಲಿ ಕೂತಿದ್ದರು. ಮಾತಾಡಬೇಕಾದವರು ಪಾಲಕರು, ತಾನಲ್ಲ ಎಂಬುದು ಅವರ ನಿಯಮ. ಕಾಯ್ಕಿಣಿಯ ಹೆಸರು ಕರೆದಾಗ ನಾನು ಎದ್ದೆ. ಅಧ್ಯಕ್ಷರು ನನ್ನ ಗುರುತು ಹಿಡಿದು, "ನಿಮ್ಮ ಶಾಲೆಯನ್ನು ನಾನೇ ನೋಡಿದ್ದೇನಲ್ಲಮ್ಮ. ಚೆನ್ನಾಗಿತ್ತು" ಎಂದರು.

ನಾನು ಬಾಯಿ ತೆರೆಯುವ ಮೊದಲೇ ಜಟ್ಟ ಎದ್ದು ನಿಂತಿದ್ದ. "ಆ ಹಂಚು ನಂದು ಸಾಹೇಬ್ರೆ. ನನ್ನ ಕೊಟ್ಟಿಗೆದು. ನೀವು ಹೋದ್ಕೂಡ್ಲೇ ತೆಗ್ದೆ, ಆಕಳು ನೆನೀತಿತ್ತು."

ಮಹಾದೇವಣ್ಣ ಎದ್ದರು. "ಫ್ಯಾನು ನನ್ನ ಅಂಗಡಿದು. ಅದು ಮಾರಾಟನೂ ಆತು."

"ನೀವು ಕೂತ ಕುರ್ಚಿ ಭಜನಾ ಮಂಡಳಿಯದು ಸರ್" ಎಂದೆ ನಾನು.

ಸಭೆಯಲ್ಲಿ ನಗು ಎದ್ದಿತು. ಅಧ್ಯಕ್ಷರೂ ನಗುತ್ತ, "ಎಳನೀರು?" ಎಂದು ಕೇಳಿದರು. ನಮ್ಮ ಅತ್ತೆ ಕೂತಲ್ಲಿಂದಲೇ, "ಅದೊಂದು ನಮ್ದೇ" ಎಂದರು.

ನಗು ತಣ್ಣಗಾದ ಮೇಲೆ ಅಧ್ಯಕ್ಷರು ಗಂಭೀರವಾದರು. ಅವರು ಕೆಟ್ಟ ಮನುಷ್ಯರಲ್ಲ, ನಮಗೆ ತಿಳಿಯುವಂತೆ ನಿಧಾನವಾಗಿ ವಿವರಿಸಿದರು. ನಿಮ್ಮ ಕಷ್ಟ ನನಗೆ ಅರ್ಥವಾಯಿತು, ಆದರೆ ನಿಯಮ ಎಲ್ಲರಿಗೂ ಒಂದೇ. ಮಕ್ಕಳು ಹೆಚ್ಚಿದ್ದಲ್ಲಿ ಖರ್ಚು ಹೆಚ್ಚು, ಕಡಿಮೆ ಇದ್ದಲ್ಲಿ ಕಡಿಮೆ. ಇದರಲ್ಲಿ ಅನ್ಯಾಯ ಎಲ್ಲಿದೆ ಹೇಳಿ ಎಂದರು. ತ್ರ್ಯಂಬಕ ವಕೀಲರು ಕಾಗದ ತಿರುವಿ ಉತ್ತರ ಹುಡುಕತೊಡಗಿದರು. ಅಧ್ಯಕ್ಷರು ಮುಂದಿನ ಕಾಗದಕ್ಕೆ ಕೈ ಹಾಕಿದರು.

ಆಗ ಹಿಂದಿನ ಸಾಲಿನಿಂದ ರಮಾನಂದ ಸರ್ ಎದ್ದರು. "ಒಂದು ವಿನಂತಿ. ಮುಂದಿನವರನ್ನು ಕರೆಯುವ ಮೊದಲು ಮಕ್ಕಳಿಗೆ ಕೇಳುವುದೇನಾದರೂ ಇದೆಯೇ ಎಂದು ಒಮ್ಮೆ ವಿಚಾರಿಸಿ" ಎಂದಷ್ಟೇ ಹೇಳಿ ಕೂತರು. ಅಧ್ಯಕ್ಷರಿಗೆ ಆಶ್ಚರ್ಯವಾಯಿತು. ಆದರೂ ವಿಚಾರಿಸಿದರು. ಯಾರೋ ಕೆಮ್ಮಿದರು. ಅಧ್ಯಕ್ಷರು ಗಡಿಯಾರ ನೋಡಿದರು. ನನ್ನ ಪಕ್ಕದಲ್ಲಿ ಗಾಯತ್ರಿಯ ಕೈ ಅರ್ಧ ಎದ್ದದ್ದು ನನಗೆ ಗೊತ್ತಾಯಿತು. ನಾನು ತಿರುಗಲಿಲ್ಲ, ನೋಡಿದರೆ ಇಳಿಸಿಬಿಡುತ್ತಾಳೆಂದು ಎದುರಿನ ಗೋಡೆಯನ್ನೇ ದಿಟ್ಟಿಸಿದೆ. ಕೈ ಪೂರ್ತಿ ಮೇಲೆ ಹೋಯಿತು. ಅವಳು ಎದ್ದು ನಿಂತಳು. ಎಲ್ಲರಿಗೂ ಕೇಳುವ ದನಿಯಲ್ಲಿ ಕೇಳಿದಳು:

"ನಮ್ಮ ಶಾಲೇಲಿ ಮಕ್ಳು ಕಮ್ಮಿ ಅಂತ, ಮಾಡಿನ ಮೇಲೆ ಮಳೆನೂ ಕಮ್ಮಿ ಬೀಳ್ತದಾ ಸರ್?"